ಒರ್ಲ್ಯಾಂಡೊದ ಥೀಮ್ ಪಾರ್ಕ್‌ಗಳಲ್ಲಿ ಮೊಬಿಲಿಟಿ ಸ್ಕೂಟರ್: ಹಾಸನದಿಂದ ಹೊರಡುವ ಹಿರಿಯರಿಗಾಗಿ ಸಮಗ್ರ ಮಾರ್ಗದರ್ಶಿ

ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಹಾಸನದ ಯಾವ ಬಡಾವಣೆಯಲ್ಲಿ ಹುಡುಕಿದರೂ ಸಿಗುತ್ತವೆ. ಅಪ್ಪ ಅಮ್ಮ ವೀಸಾ ಪಡೆದು ನಾಲ್ಕಾರು ತಿಂಗಳು ಅಲ್ಲಿದ್ದು ಬರುತ್ತಾರೆ. ಮೊಮ್ಮಕ್ಕಳಿಗೆ ರಜೆ ಬಿದ್ದೊಡನೆ ಮನೆಮಂದಿಯೆಲ್ಲ ಫ್ಲಾರಿಡಾದ ಒರ್ಲ್ಯಾಂಡೊ ಕಡೆ ಹೊರಡುವುದು ವಾಡಿಕೆ. ಆಗ ಮಂಡಿನೋವಿನ ಹಿರಿಯರು ಹೇಳುವ ಮಾತು ಒಂದೇ: "ನೀವು ಹೋಗಿಬನ್ನಿ, ನಾನು ರೂಮಿನಲ್ಲೇ ಇರುತ್ತೇನೆ." ನನ್ನ ಅಮ್ಮನೂ ಹೀಗೇ ಹೇಳಿದ್ದರು. ಆ ಮಾತನ್ನು ಸುಮ್ಮನೆ ಒಪ್ಪಿಕೊಳ್ಳಬೇಡಿ. ಮೊಬಿಲಿಟಿ ಸ್ಕೂಟರ್ ಎಂಬ, ಕುಳಿತು ಓಡಿಸುವ, ಮೂರು ಅಥವಾ ನಾಲ್ಕು ಗಾಲಿಯ ಪುಟ್ಟ ಬ್ಯಾಟರಿ ಗಾಡಿಯಿದ್ದರೆ ಅವರೂ ದಿನವಿಡೀ ನಿಮ್ಮೊಂದಿಗೆ ಇರಬಹುದು. ಅದಕ್ಕೆ ಊರಿನಲ್ಲೇ ಮಾಡಿಕೊಳ್ಳಬೇಕಾದ ಸಿದ್ಧತೆ ಸಾಕಷ್ಟಿದೆ.

ಮೊದಲು ಅಲ್ಲಿನ ವಿಸ್ತಾರ ತಿಳಿದಿರಲಿ. 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಈಗ ನಾಲ್ಕು ಪ್ರತ್ಯೇಕ ಪಾರ್ಕ್‌ಗಳಿವೆ: ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್. ಎಪ್ಕಾಟ್ ಒಂದರಲ್ಲೇ, ಕೆರೆಯ ಸುತ್ತ ಹನ್ನೊಂದು ದೇಶಗಳ ಮಾದರಿ ಕಟ್ಟಿರುವ ಹಾದಿಯನ್ನು ಒಂದು ಸುತ್ತು ಬಂದರೆ ಸುಮಾರು 2 ಕಿಲೋಮೀಟರ್ ಆಗುತ್ತದೆ. ಗಟ್ಟಿಮುಟ್ಟಾದವರೂ ಸಂಜೆಯ ಹೊತ್ತಿಗೆ ಸೋತು ಹೋಗುವ ಜಾಗ ಅದು.

ಬೇಕೋ ಬೇಡವೋ: ಹಳೇಬೀಡಿನಲ್ಲಿ ತಿಳಿಯುತ್ತದೆ

"ನಾನು ದಿನಾ ಮಹಾರಾಜ ಪಾರ್ಕ್‌ನಲ್ಲಿ ವಾಕಿಂಗ್ ಮಾಡುತ್ತೇನೆ, ನನಗೇನಾಗಿದೆ?" ಎನ್ನುವವರು ಬಹಳ. ಬೆಳಗಿನ ತಂಪಿನಲ್ಲಿ ಸಮತಟ್ಟಾದ ಹಾದಿಯಲ್ಲಿ ನಲವತ್ತು ನಿಮಿಷ ನಡೆಯುವುದೇ ಬೇರೆ, ನಿಂತು, ನಾಲ್ಕು ಹೆಜ್ಜೆ ಇಟ್ಟು, ಮತ್ತೆ ನಿಲ್ಲುತ್ತಾ ಹತ್ತು ಗಂಟೆ ಕಳೆಯುವುದೇ ಬೇರೆ. ಮಂಡಿ ಸವೆದವರನ್ನು ನಡಿಗೆಗಿಂತ ನಿಲ್ಲುವುದು ಹೆಚ್ಚು ಕಾಡುತ್ತದೆ. ಥೀಮ್ ಪಾರ್ಕ್ ಎಂದರೆ ಮುಕ್ಕಾಲು ಪಾಲು ಸರತಿಯಲ್ಲಿ ನಿಲ್ಲುವುದೇ.

ಇದನ್ನು ಅಳೆಯಲು ನಮ್ಮ ಜಿಲ್ಲೆಯಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಹಾಸನದಿಂದ ಸುಮಾರು ಮೂವತ್ತು ಕಿಲೋಮೀಟರ್. ಮಧ್ಯಾಹ್ನದ ಮುನ್ನ ಕರೆದುಕೊಂಡು ಹೋಗಿ. ಜಗತಿಯ ಮೇಲೆ ಬರಿಗಾಲಲ್ಲಿ, ಕೆಳಗಿನ ಆನೆಗಳ ಸಾಲಿನಿಂದ ಮೇಲಿನ ರಾಮಾಯಣ, ಮಹಾಭಾರತದ ಪಟ್ಟಿಕೆಗಳವರೆಗೆ ಒಂದೊಂದನ್ನೂ ನಿಂತು ನೋಡುತ್ತಾ ಸುತ್ತು ಬನ್ನಿ. ಅವರು ಮೊದಲ ಸಲ ಗೋಡೆಗೆ ಕೈ ಕೊಟ್ಟದ್ದು ಎಲ್ಲಿ, ಕೂರಲು ಜಾಗ ಹುಡುಕಿದ್ದು ಎಷ್ಟು ಹೊತ್ತಿಗೆ ಎಂಬುದನ್ನು ಅವರಿಗೆ ಗೊತ್ತಾಗದಂತೆ ಗಮನಿಸಿ. ಮರುದಿನ ಬೆಳಿಗ್ಗೆ ಮಂಡಿ ಊದಿದೆಯೇ ನೋಡಿ. ಅರ್ಧ ಸುತ್ತಿನೊಳಗೆ ಕೂರಬೇಕೆನಿಸಿದ್ದರೆ, ಅಥವಾ ಮರುದಿನ ಊತ ಕಂಡರೆ, ಸ್ಕೂಟರ್ ಬೇಕೇ ಬೇಕು.

ಆದರೆ ಎಲ್ಲರೂ ಓಡಿಸಬಾರದು. ತಲೆಸುತ್ತು ಬರುವವರು, ದೃಷ್ಟಿ ಮಂಜಾದವರು, ಕೈನಡುಕ ಇರುವವರು, ಹಗಲಲ್ಲಿ ಮಂಪರು ತರುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಹ್ಯಾಂಡಲ್ ಹಿಡಿಯಬಾರದು. ಅಂಥವರಿಗೆ ಯಾರಾದರೂ ತಳ್ಳುವ ಗಾಲಿಕುರ್ಚಿಯೇ ಸರಿ. ತಳ್ಳುವವರು ಮಾತ್ರ ಇಬ್ಬರಾದರೂ ಇರಬೇಕು, ಆ ಸೆಕೆಯಲ್ಲಿ ಒಬ್ಬರಿಂದ ಆಗದ ಮಾತು.

ಸಂಕೋಚ ಇನ್ನೊಂದು ಅಡ್ಡಿ. "ಜನ ಏನೆಂದುಕೊಂಡಾರು, ನಾನೇನು ಹೆಳವಿಯೇ?" ಎಂದು ಅಮ್ಮ ಕೇಳಿದ್ದರು. ವಾದ ಮಾಡುವುದಕ್ಕಿಂತ ಆ ಪಾರ್ಕ್‌ಗಳ ವಿಡಿಯೋ ತೋರಿಸುವುದು ಮೇಲು. ವಯಸ್ಸಾದವರು, ದಪ್ಪಗಿರುವವರು, ಆಪರೇಷನ್ ಆದವರು ಎಷ್ಟೋ ಮಂದಿ ಅದೇ ಗಾಡಿಯಲ್ಲಿ ಓಡಾಡುವುದು ಕಾಣುತ್ತದೆ, ಯಾರೂ ತಿರುಗಿಯೂ ನೋಡುವುದಿಲ್ಲ. ಇಳಿದು ನಡೆಯುವುದಕ್ಕೂ ಅಡ್ಡಿಯಿಲ್ಲ ಎಂದು ಹೇಳಿ. ಕಾಲಿನ ಶಕ್ತಿಯನ್ನು ದಾರಿಯಲ್ಲಿ ಖರ್ಚು ಮಾಡದೆ, ಮೊಮ್ಮಗಳ ಕೈ ಹಿಡಿದು ನಿಂತು ಫೋಟೋ ತೆಗೆಸಿಕೊಳ್ಳಲು ಉಳಿಸಿಕೊಳ್ಳುವುದಕ್ಕೇ ಈ ಗಾಡಿ. ಅಮ್ಮ ಒಪ್ಪಿದ್ದು ಈ ಮಾತಿಗೆ.

ಬಾಡಿಗೆ, ಗಾಡಿಯ ಆಯ್ಕೆ

ಇಲ್ಲಿಂದ ಕೊಂಡು ಒಯ್ಯುವ ಯೋಚನೆ ಬಿಡಿ. ವಿಮಾನದಲ್ಲಿ ಲಿಥಿಯಂ ಬ್ಯಾಟರಿಗೆ ಕಟ್ಟುನಿಟ್ಟಿನ ನಿಯಮಗಳಿವೆ. ತೆಗೆಯಬಹುದಾದ ಬ್ಯಾಟರಿ 300 ವ್ಯಾಟ್-ಅವರ್ ಮೀರಬಾರದು, ಅದನ್ನು ಕ್ಯಾಬಿನ್‌ನಲ್ಲೇ ಒಯ್ಯಬೇಕು, ವಿಮಾನ ಸಂಸ್ಥೆಯ ಒಪ್ಪಿಗೆ ಮುಂಚಿತವಾಗಿ ಬೇಕು. ಅಲ್ಲಿನ ವಿದ್ಯುತ್ತು 120 ವೋಲ್ಟ್, ನಮ್ಮ ಚಾರ್ಜರ್ ಹೊಂದದೆಯೂ ಹೋಗಬಹುದು. ಬಾಡಿಗೆಯೇ ಸುಲಭ. ವಿಮಾನ ನಿಲ್ದಾಣಗಳಿಗೆ ಮಾತ್ರ ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಸಹಾಯ ಕೇಳಿ ನಮೂದಿಸಿಕೊಳ್ಳಿ.

ಬಾಡಿಗೆಗೆ ಎರಡು ದಾರಿಗಳಿವೆ. ಒಂದು, ಪಾರ್ಕ್‌ನ ಬಾಗಿಲಲ್ಲೇ ಪಡೆಯುವುದು. ಅಲ್ಲಿ ಈ ಗಾಡಿಯನ್ನು 'ಇಸಿವಿ' ಎನ್ನುತ್ತಾರೆ, ಫಲಕಗಳಲ್ಲೂ ಹಾಗೆಯೇ ಬರೆದಿರುತ್ತದೆ. 18 ವರ್ಷ ತುಂಬಿದವರಿಗೆ ಮಾತ್ರ ಕೊಡುತ್ತಾರೆ, ಮೊದಲು ಬಂದವರಿಗೆ ಮೊದಲು. ಹಬ್ಬದ ರಜೆಗಳಲ್ಲಿ ತಡವಾಗಿ ಹೋದರೆ ಸಿಗದಿರಬಹುದು. ಮುಖ್ಯ ತೊಡಕೆಂದರೆ, ಪಾರ್ಕ್‌ನಿಂದ ಹೊರಗೆ ಒಯ್ಯುವಂತಿಲ್ಲ. ಹೋಟೆಲ್‌ನಿಂದ ಬಸ್‌ಗೆ, ಕಾರ್ ನಿಲ್ದಾಣದಿಂದ ಗೇಟಿಗೆ ನಡೆದೇ ಹೋಗಬೇಕು.

ಇನ್ನೊಂದು, ಹೊರಗಿನ ಬಾಡಿಗೆ ಅಂಗಡಿಗಳಿಂದ ಹೋಟೆಲ್‌ಗೇ ತರಿಸಿಕೊಳ್ಳುವುದು. ಎರಡು ದಿನಕ್ಕಿಂತ ಹೆಚ್ಚು ಇರುವವರಿಗೆ ಇದನ್ನೇ ಹೇಳುತ್ತೇನೆ. ಎದ್ದಾಗಿನಿಂದ ಮಲಗುವವರೆಗೆ ಗಾಡಿ ಕೈಯಲ್ಲೇ ಇರುತ್ತದೆ, ಊಟದ ಹಾಲ್‌ಗೂ ಹೋಗಬಹುದು. ಬುಕ್ ಮಾಡುವಾಗ ಕೂರುವವರ ತೂಕ ಮತ್ತು ಎತ್ತರವನ್ನು ಸರಿಯಾಗಿ ತಿಳಿಸಿ. ಕಾರಿನಲ್ಲಿ ಓಡಾಡುವವರಾದರೆ ಬಿಡಿಬಿಡಿಯಾಗಿ ಕಳಚುವ ಪ್ರವಾಸಿ ಮಾದರಿ ಕೇಳಿ. ಅದರ ಅತಿ ಭಾರದ ಭಾಗವೂ ಹದಿನೈದು ಕಿಲೋ ಆಸುಪಾಸಿನಲ್ಲಿರುತ್ತದೆ. ಯಾರು ಎತ್ತಿಡುತ್ತಾರೆ ಎಂಬುದನ್ನು ಹೊರಡುವ ಮುನ್ನವೇ ಗೊತ್ತುಮಾಡಿಕೊಳ್ಳಿ.

ಮೂರು ಗಾಲಿಯದೋ ನಾಲ್ಕು ಗಾಲಿಯದೋ? ಮೂರು ಗಾಲಿಯದು ಇಕ್ಕಟ್ಟಿನಲ್ಲಿ ಚೆನ್ನಾಗಿ ತಿರುಗುತ್ತದೆ, ಕಾಲಿಗೂ ಹೆಚ್ಚು ಜಾಗ. ನಾಲ್ಕು ಗಾಲಿಯದು ಅಲುಗಾಡದೆ ನಿಲ್ಲುತ್ತದೆ. ಜೀವಮಾನದಲ್ಲಿ ಸೈಕಲ್ಲನ್ನೂ ಓಡಿಸದವರಿಗೆ ನಾಲ್ಕು ಗಾಲಿಯದೇ ಇರಲಿ. ಎರಡೇ ಗಾಲಿಯ ಸಾಧನಗಳನ್ನು ಡಿಸ್ನಿಯಲ್ಲಿ ಬಿಡುವುದಿಲ್ಲ. ಗಾಡಿಯ ಅಗಲ 36 ಇಂಚು, ಉದ್ದ 52 ಇಂಚಿನ ಒಳಗಿರಬೇಕು.

ಓಡಿಸಲು ಕಲಿಯುವುದು

ಇದಕ್ಕೆ ಅವಸರ ಬೇಡ. ಗಾಡಿ ಬಂದ ಸಂಜೆ, ಹೋಟೆಲ್‌ನ ಹಿಂಬದಿಯ ಖಾಲಿ ಜಾಗದಲ್ಲಿ ಒಂದು ಗಂಟೆ ಅಭ್ಯಾಸ ಮಾಡಿಸಿ. ಪಾರ್ಕ್‌ನ ಗೇಟಿನ ಬಳಿ ಜನರ ನಡುವೆ ಕಲಿಸಲು ಹೋಗಬೇಡಿ.

ಹ್ಯಾಂಡಲ್‌ನ ಎರಡೂ ಬದಿಗೆ ಒಂದೊಂದು ಲಿವರ್ ಇರುತ್ತದೆ. ಒಂದನ್ನು ಒತ್ತಿದರೆ ಮುಂದಕ್ಕೆ, ಇನ್ನೊಂದನ್ನು ಒತ್ತಿದರೆ ಹಿಂದಕ್ಕೆ. ಬಿಟ್ಟರೆ ಗಾಡಿ ತಾನಾಗಿ ನಿಲ್ಲುತ್ತದೆ. ಪ್ರತ್ಯೇಕ ಬ್ರೇಕ್ ಇಲ್ಲದ ಮಾದರಿಗಳೇ ಹೆಚ್ಚು. ನಮ್ಮೂರಿನಲ್ಲಿ ಸ್ಕೂಟಿ ಓಡಿಸಿ ಅಭ್ಯಾಸವಿರುವ ಹೆಂಗಸರಿಗೆ ಕಷ್ಟವಾಗುವುದು ಇಲ್ಲೇ. ಗಾಬರಿಯಾದಾಗ ಅವರು ಹ್ಯಾಂಡಲ್ ಅನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ, ಲಿವರ್ ಒತ್ತಿಕೊಳ್ಳುತ್ತದೆ, ಗಾಡಿ ಮುಂದೆ ನುಗ್ಗುತ್ತದೆ. ಆದ್ದರಿಂದ ಮೊದಲ ಹದಿನೈದು ನಿಮಿಷ ಒಂದೇ ಪಾಠ: "ಬಿಡಿ" ಎಂದೊಡನೆ ಬೆರಳು ಬಿಡುವುದು. ಅಣ್ಣ ಎದುರಿಗೆ ನಡೆಯುತ್ತಾ ಇದ್ದಕ್ಕಿದ್ದಂತೆ "ಬಿಡಿ ಅಮ್ಮ" ಎನ್ನುತ್ತಿದ್ದ. ಅಮ್ಮ ಎರಡೂ ಹೆಬ್ಬೆರಳನ್ನು ಮೇಲಕ್ಕೆತ್ತಿ ತೋರಿಸುತ್ತಿದ್ದರು. ಯೋಚಿಸದೆಯೇ ಬೆರಳು ಏಳುವವರೆಗೆ ಇದು ನಡೆಯಲಿ.

ವೇಗದ ಗುಂಡಿಯ ಒಂದು ಕೊನೆಗೆ ಆಮೆಯ ಚಿತ್ರ, ಇನ್ನೊಂದು ಕೊನೆಗೆ ಮೊಲದ ಚಿತ್ರ ಇರುವುದು ಸಾಮಾನ್ಯ. ಜನರ ನಡುವೆ ಆಮೆಯ ಕಡೆಗೇ ಇರಲಿ. ಮೊಲದ ಕಡೆಗೆ ತಿರುಗಿಸಿದರೂ ಈ ಗಾಡಿಗಳು ಗಂಟೆಗೆ ಆರೆಂಟು ಕಿಲೋಮೀಟರ್‌ಗಿಂತ ಹೆಚ್ಚು ಓಡುವುದಿಲ್ಲ. ಹಿಂದಕ್ಕೆ ಬರುವುದನ್ನೂ ಎಂಟಂಕಿಯ ಆಕಾರದಲ್ಲಿ ತಿರುಗುವುದನ್ನೂ ಕಲಿಸಿ. ತಿರುವಿನಲ್ಲಿ ಹಿಂದಿನ ಗಾಲಿ ಒಳಕ್ಕೆ ಕತ್ತರಿಸುತ್ತದೆ ಎಂಬುದು ನೆನಪಿರಲಿ. ಪಕ್ಕದವರ ಹಿಮ್ಮಡಿಗೆ ತಾಗುವುದು ಅದೇ.

ಹಿಂಬದಿಯಲ್ಲಿ ಮೋಟಾರಿನಿಂದ ಗಾಲಿಯನ್ನು ಬಿಡಿಸುವ ಇನ್ನೊಂದು ಲಿವರ್ ಇರುತ್ತದೆ, ಗಾಡಿಯನ್ನು ಕೈಯಿಂದ ತಳ್ಳುವುದಕ್ಕೆ. ಆಗ ಬ್ರೇಕ್ ಹಿಡಿಯುವುದಿಲ್ಲ. ಇಳಿಜಾರಿನಲ್ಲಿ, ಅದರಲ್ಲೂ ಯಾರಾದರೂ ಕುಳಿತಿರುವಾಗ, ಅದನ್ನು ಮುಟ್ಟಲೇಬೇಡಿ. ಮಕ್ಕಳಿಗೂ ಹೇಳಿಡಿ.

ಸೀರೆ, ಚೀಲ, ಮೊಮ್ಮಕ್ಕಳು

ಅಲ್ಲಿನ ಯಾವ ಸೂಚನಾ ಪುಸ್ತಕದಲ್ಲೂ ಇಲ್ಲದ, ನಮಗೆ ಬೇಕೇಬೇಕಾದ ಮಾತು ಸೀರೆಯದು. ನೆರಿಗೆ ಕಾಲಿನ ಹಲಗೆಯಿಂದ ಕೆಳಗೆ ಇಳಿದರೆ ಮುಂದಿನ ಗಾಲಿಗೆ ಸಿಕ್ಕಿಕೊಳ್ಳುತ್ತದೆ, ಸೆರಗು ಹಿಂದೆ ಜಾರಿದರೆ ಹಿಂದಿನ ಗಾಲಿಗೆ. ಚೂಡಿದಾರ್ ಅಭ್ಯಾಸವಿದ್ದರೆ ವೇಲ್ ಇಲ್ಲದೆ ಅದನ್ನೇ ಹಾಕಲಿ. ಸೀರೆಯೇ ಬೇಕೆನ್ನುವವರು ಕಣಕಾಲಿನ ಮೇಲಕ್ಕೆ ಎತ್ತಿ ಉಡಲಿ, ಸೆರಗನ್ನು ಸುತ್ತಿ ತಂದು ಸೊಂಟಕ್ಕೆ ಸಿಕ್ಕಿಸಿ ಪಿನ್ ಹಾಕಲಿ. ಕುಳಿತ ಮೇಲೆ ನೆರಿಗೆಯನ್ನು ಎರಡು ಮಂಡಿಗಳ ನಡುವೆ ಒತ್ತಿಕೊಂಡು, ಹೊರಡುವ ಮುನ್ನ ಎರಡೂ ಬದಿ ಬಗ್ಗಿ ನೋಡಿ. ಪಂಚೆ ಉಡುವ ಅಪ್ಪಂದಿರಿಗೂ ಇದೇ ಮಾತು. ಚಪ್ಪಲಿಗಿಂತ ಹಿಮ್ಮಡಿ ಮುಚ್ಚುವ ಬೂಟು ಒಳ್ಳೆಯದು.

ವ್ಯಾನಿಟಿ ಬ್ಯಾಗನ್ನು ಹ್ಯಾಂಡಲ್‌ಗೆ ತೂಗುಹಾಕಬೇಡಿ. ಅದು ಲಿವರ್ ಮೇಲೆ ಕುಳಿತರೆ ಗಾಡಿ ತಾನಾಗಿ ಹೊರಡುತ್ತದೆ. ಭಾರದ ಚೀಲವನ್ನು ಸೀಟಿನ ಹಿಂದೆ ನೇತುಹಾಕಿದರೆ ಏರಿನಲ್ಲಿ ಮುಂಭಾಗ ಹಗುರವಾಗುತ್ತದೆ. ನೀರು, ಔಷಧಿ, ಕೊಡೆ ಇವಿಷ್ಟು ಮುಂದಿನ ಬುಟ್ಟಿಯಲ್ಲಿರಲಿ, ಉಳಿದದ್ದನ್ನು ನಡೆಯುವವರು ಹೊರಲಿ. ಮೊಮ್ಮಕ್ಕಳು "ಅಜ್ಜಿ, ನಾನೂ ಕೂರುತ್ತೇನೆ" ಎಂದು ಹಟ ಮಾಡುವುದು ಖಂಡಿತ. ತೊಡೆಯ ಮೇಲೆ ಕೂರಿಸಿಕೊಳ್ಳಲು ಅನುಮತಿಯಿಲ್ಲ, ಇದು ಒಬ್ಬರ ಗಾಡಿ. ಮಕ್ಕಳ ಕೈ ಲಿವರ್‌ಗೆ ಬಹಳ ಬೇಗ ಹೋಗುತ್ತದೆ.

ಗೇಟಿನವರೆಗೆ

ಡಿಸ್ನಿಯ ಬಸ್‌ಗಳಿಗೆ ಇಳಿಜಾರು ಹಲಗೆ ಇದೆ. ಚಾಲಕರು ಅದನ್ನು ಚಾಚಿ, ಗಾಡಿಯನ್ನು ಪಟ್ಟಿಗಳಿಂದ ಬಿಗಿಯುತ್ತಾರೆ. ಮೊದಲ ಸಲ ಹತ್ತುವಾಗ ಎಲ್ಲರೂ ನಮ್ಮನ್ನೇ ಕಾಯುತ್ತಿದ್ದಾರೆ ಎಂಬ ಒತ್ತಡ ಸಹಜ. ನಿಧಾನವಾಗಿಯೇ ಹತ್ತಿಸಿ. ಧೈರ್ಯ ಸಾಲದಿದ್ದರೆ ಹಿರಿಯರು ಇಳಿದು ಸೀಟಿನಲ್ಲಿ ಕೂರಲಿ, ಮನೆಯವರು ಗಾಡಿಯನ್ನು ಒಳಗೆ ತರಲಿ.

ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಹೋದವರು ಮುಖ್ಯ ನಿಲ್ದಾಣದಿಂದ ಮಾನೊರೈಲು ಅಥವಾ ದೋಣಿ ಹಿಡಿಯಬೇಕು. ಎರಡರಲ್ಲೂ ಗಾಡಿಗೆ ಅವಕಾಶವಿದೆ. ಹೊಸಬರಿಗೆ ದೋಣಿಯೇ ಲೇಸು. ವಿಶಾಲವಾಗಿದೆ, ತಿರುಗಿಸುವ ತಾಪತ್ರಯವಿಲ್ಲ, ನೀರಿನ ಗಾಳಿಯೂ ಸಿಗುತ್ತದೆ.

ಒಳಗೆ ಓಡಾಡುವಾಗ

ಮ್ಯಾಜಿಕ್ ಕಿಂಗ್‌ಡಮ್ ಹೊಕ್ಕ ಕೂಡಲೇ ಸಿಗುವ ಮುಖ್ಯ ಬೀದಿಯಲ್ಲಿ ಕುದುರೆ ಎಳೆಯುವ ಟ್ರಾಮ್‌ನ ಹಳಿಗಳಿವೆ. ಅವುಗಳ ಸಂದು ಸಣ್ಣ ಗಾಲಿಯನ್ನು ಹಿಡಿದುಕೊಳ್ಳುವಷ್ಟಿದೆ. ಹಳಿಯನ್ನು ಓರೆಯಾಗಿ ದಾಟದೆ, ನೇರ ಅಡ್ಡಲಾಗಿ ದಾಟಬೇಕು. ಅನಿಮಲ್ ಕಿಂಗ್‌ಡಮ್‌ನ ಆಫ್ರಿಕಾ ಭಾಗದ ನೆಲವನ್ನು ಹಳ್ಳಿಯ ಹಾದಿಯಂತೆ ಕಾಣಲೆಂದು ಬೇಕೆಂದೇ ಒರಟಾಗಿ ಮಾಡಿದ್ದಾರೆ. ಬೆನ್ನುನೋವಿನವರಿಗೆ ಅಲ್ಲಿ ಆಮೆಯ ವೇಗವೇ ಗತಿ. ಎಪ್ಕಾಟ್‌ನ ಕೆರೆಯ ಸುತ್ತಿನಲ್ಲಿ ಸೇತುವೆಯ ಏರಿಳಿತ ಇದೆ. ಏರಿನಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಇಳಿವಿನಲ್ಲಿ ವೇಗದ ಗುಂಡಿಯನ್ನು ಮೊದಲೇ ಕಡಿಮೆ ಮಾಡಿಕೊಳ್ಳಬೇಕು.

ಜನರಿಗೆ ಕುಳಿತವರು ಕಣ್ಣಿಗೆ ಬೀಳುವುದಿಲ್ಲ. ಮೊಬೈಲ್ ನೋಡುತ್ತಾ ಗಕ್ಕನೆ ಎದುರಿಗೆ ನಿಂತುಬಿಡುತ್ತಾರೆ. ಮನೆಯವರಲ್ಲಿ ಒಬ್ಬರು ಗಾಡಿಯ ಮುಂದೆ ದಾರಿ ಮಾಡುತ್ತಾ, ಇನ್ನೊಬ್ಬರು ಪಕ್ಕದಲ್ಲೇ ಬರಲಿ. ಎಲ್ಲರೂ ಮುಂದೆ ಹೋಗಿ "ಬನ್ನಿ ಅಮ್ಮ, ಬೇಗ" ಎಂದು ಕರೆಯುವುದು ಅಪಘಾತಕ್ಕೆ ಕರೆ ಕೊಟ್ಟಂತೆ. ರಾತ್ರಿ ಪಟಾಕಿ ಪ್ರದರ್ಶನ ಮುಗಿದ ಕೂಡಲೇ ಇಡೀ ಪಾರ್ಕ್ ಒಂದೇ ಬಾಗಿಲಿಗೆ ನುಗ್ಗುತ್ತದೆ. ಆಗ ಗಾಡಿ ತರಬೇಡಿ. ಅರ್ಧ ಗಂಟೆ ಎಲ್ಲಾದರೂ ಕುಳಿತು, ಹಾದಿ ಬಿಡುವಾದ ಮೇಲೆ ಹೊರಡಿ. ಮೆರವಣಿಗೆ ನೋಡಲು ಗಾಲಿಕುರ್ಚಿ ಮತ್ತು ಸ್ಕೂಟರ್‌ನವರಿಗೆಂದೇ ಮೀಸಲಾದ ಜಾಗವಿದೆ, ಮುಂಚಿತವಾಗಿ ಹೋಗಿ ಸಿಬ್ಬಂದಿಯನ್ನು ಕೇಳಿ.

ಸರತಿ ಮತ್ತು ಸವಾರಿಗಳು

ಸ್ಕೂಟರ್ ಇದ್ದರೆ ಸರತಿ ತಪ್ಪುತ್ತದೆ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ತಪ್ಪುವುದಿಲ್ಲ. ಹೆಚ್ಚಿನ ಸರತಿಗಳನ್ನು ಗಾಲಿಕುರ್ಚಿ ಹೋಗುವಷ್ಟು ಅಗಲವಾಗಿ ಕಟ್ಟಿರುವುದರಿಂದ ಎಲ್ಲರೊಂದಿಗೆ ಸಾಗಬೇಕು, ಕುಳಿತು ಸಾಗುತ್ತೀರಿ ಎನ್ನುವುದೇ ಲಾಭ. ಹಳೆಯ ಕೆಲವು ಸವಾರಿಗಳಲ್ಲಿ ಬೇರೆ ಬಾಗಿಲು ತೋರಿಸುತ್ತಾರೆ, ಅಥವಾ ಮತ್ತೆ ಬರಬೇಕಾದ ಸಮಯ ಕೊಡುತ್ತಾರೆ. ಸರತಿಯಲ್ಲಿ ನಿಲ್ಲದೆ, ಕೊಟ್ಟ ಸಮಯಕ್ಕೆ ಬರಬಹುದಾದ ಡಿಸ್ನಿಯ 'ಡಾಸ್' ಎಂಬ ವಿಶೇಷ ಸೌಲಭ್ಯವನ್ನು 2024ರಿಂದ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಸೀಮಿತಗೊಳಿಸಿದ್ದಾರೆ, ಮಂಡಿನೋವಿಗೆ ಅದು ಸಿಗುವುದಿಲ್ಲ.

ಸವಾರಿಗಳು ಮೂರು ಬಗೆ. ಕರೋಸೆಲ್ ಆಫ್ ಪ್ರೋಗ್ರೆಸ್, ಎಪ್ಕಾಟ್‌ನ ಅಮೆರಿಕನ್ ಅಡ್ವೆಂಚರ್‌ನಂಥ ಪ್ರದರ್ಶನಗಳಲ್ಲಿ ಸ್ಕೂಟರ್‌ನಲ್ಲೇ ಕುಳಿತು ನೋಡಬಹುದು. ಕೆಲವಕ್ಕೆ ಸ್ಕೂಟರ್ ಬಿಟ್ಟು ಸಾಧಾರಣ ಗಾಲಿಕುರ್ಚಿಗೆ ಬದಲಾಯಿಸಿಕೊಂಡು ಹೋಗಬಹುದು. ಅನಿಮಲ್ ಕಿಂಗ್‌ಡಮ್‌ನ ಕಿಲಿಮಂಜಾರೊ ಸಫಾರಿ ಹಾಗೆ. ಆಲೂರು, ಸಕಲೇಶಪುರದ ಕಡೆ ಆನೆ ಬಂತೆಂದರೆ ಬಾಗಿಲು ಹಾಕಿಕೊಳ್ಳುವ ನಮ್ಮವರು ಅಲ್ಲಿ ಆಫ್ರಿಕಾದ ಆನೆಯ ಮೊರದಗಲದ ಕಿವಿಯನ್ನು ನೆಮ್ಮದಿಯಿಂದ ನೋಡಬಹುದು. ಎಪ್ಕಾಟ್‌ನ ಲಿವಿಂಗ್ ವಿತ್ ದ ಲ್ಯಾಂಡ್ ಸಹ ಇದೇ ಬಗೆಯದು. ದೋಣಿ ನಿಧಾನವಾಗಿ ಹಸಿರುಮನೆಗಳ ಒಳಗೆ ಸಾಗುತ್ತದೆ, ಮಣ್ಣಿಲ್ಲದೆ ಬೆಳೆದ ತರಕಾರಿಗಳು ಎರಡೂ ಬದಿಗೆ. ಆಲೂಗಡ್ಡೆ ಬೆಳೆದು ಗೊತ್ತಿರುವ ಹಾಸನದ ಯಾವ ಹಿರಿಯರೂ ಇದನ್ನು ಬಿಡಬಾರದು. ಅಮ್ಮ ಅಲ್ಲಿಂದ ಹೊರಬಂದು ಇನ್ನೊಮ್ಮೆ ಹೋಗೋಣ ಎಂದರು.

ಮೂರನೆಯವು ಇಳಿದು ಸವಾರಿಯ ಸೀಟಿಗೇ ಹೋಗಬೇಕಾದವು. ಹಾಂಟೆಡ್ ಮ್ಯಾನ್ಷನ್‌ನಲ್ಲಿ ಚಲಿಸುವ ಪಟ್ಟಿಯ ಮೇಲೆ ಹತ್ತಬೇಕು, ಕೇಳಿದರೆ ಅದನ್ನು ನಿಧಾನಗೊಳಿಸುತ್ತಾರೆ. ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ರೋಲರ್ ಕೋಸ್ಟರ್‌ಗಳು ಹೃದಯ, ಬೆನ್ನು, ಕತ್ತಿನ ತೊಂದರೆ ಇರುವವರಿಗಲ್ಲ. ಮಂಡಿ ಬದಲಾಯಿಸಿಕೊಂಡವರು ಸೀಟು ಎಷ್ಟು ತಗ್ಗಿನಲ್ಲಿದೆ ಎಂದು ನೋಡಿಯೇ ಹೋಗಲಿ.

ಇಳಿಯುವ ಕ್ರಮವನ್ನು ಬಾಯಿಪಾಠ ಮಾಡಿಸಿ. ಗಾಡಿ ನಿಲ್ಲಿಸಿ, ಕೀಲಿ ತೆಗೆಯಬೇಕು. ಸೀಟಿನ ಕೆಳಗಿನ ಹಿಡಿಕೆ ಎಳೆದು ಸೀಟನ್ನು ಪಕ್ಕಕ್ಕೆ ತಿರುಗಿಸಬೇಕು. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದ ಮೇಲೆ ಕೈಯನ್ನು ತೋಳಾಸರೆಯ ಮೇಲಿಟ್ಟು, ಮುಂದಕ್ಕೆ ಬಾಗಿ ಏಳಬೇಕು. ಹ್ಯಾಂಡಲ್ ಹಿಡಿದು ಏಳಬಾರದು. ಕೀಲಿ ತೆಗೆಯದೆ ಹಾಗೆ ಎದ್ದರೆ ಲಿವರ್ ಒತ್ತಿ ಗಾಡಿ ಕಾಲ ಕೆಳಗಿನಿಂದ ಜಾರುತ್ತದೆ. ಗಾಡಿ ನಿಲ್ಲಿಸುವಲ್ಲಿ ಒಂದೇ ಬಣ್ಣದ ಹತ್ತಾರು ಗಾಡಿಗಳಿರುತ್ತವೆ. ಹಳೆಯ ರೇಷ್ಮೆ ಸೀರೆಯ ಅಂಚಿನ ತುಂಡೊಂದನ್ನು ಬುಟ್ಟಿಗೆ ಬಿಗಿಯಾಗಿ ಕಟ್ಟಿದರೆ ದೂರದಿಂದಲೇ ಗುರುತು ಸಿಗುತ್ತದೆ.

ಸೆಕೆ, ಮಳೆ, ಊಟ, ಶೌಚ

ಹಾಸನದ ತಂಪಿಗೆ ಒಗ್ಗಿದವರಿಗೆ ಒರ್ಲ್ಯಾಂಡೊದ ಬೇಸಿಗೆ ಹಿಂಸೆ. ಜುಲೈನಲ್ಲಿ ಮಧ್ಯಾಹ್ನ 33 ಡಿಗ್ರಿಯ ಆಸುಪಾಸು, ಜೊತೆಗೆ ಬೆವರು ಆರದ ತೇವ. ನಡೆಯುವವರು ನೆರಳಿಗೆ ಸರಿಯುತ್ತಾರೆ, ಗಾಡಿಯಲ್ಲಿ ಕುಳಿತವರು ಬಿಸಿಲಲ್ಲೇ ಉಳಿಯುತ್ತಾರೆ. ಟೋಪಿ ಕಡ್ಡಾಯ. ಆಹಾರ ಮಳಿಗೆಗಳಲ್ಲಿ ಐಸ್ ನೀರು ಕೇಳಿದರೆ ಉಚಿತವಾಗಿ ಕೊಡುತ್ತಾರೆ. ಹನ್ನೊಂದರವರೆಗೆ ಸುತ್ತಿ, ರೂಮಿಗೆ ಮರಳಿ ಮಲಗಿ, ಐದರ ಮೇಲೆ ಮತ್ತೆ ಹೋಗುವುದು ಹಿರಿಯರಿಗೆ ಹೊಂದುವ ದಿನಚರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಗುಡುಗು ಮಿಂಚಿನ ಮಳೆ ಆಗಾಗ ಸುರಿಯುತ್ತದೆ. ಹ್ಯಾಂಡಲ್‌ನಲ್ಲಿರುವ ಗುಂಡಿಗಳಿಗೆ ನೀರು ಇಳಿಯದಂತೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ, ಸೀಟಿಗೆ ಇನ್ನೊಂದು ಬುಟ್ಟಿಯಲ್ಲಿರಲಿ. ಕೊಡೆ ಹಿಡಿದು ಒಂದೇ ಕೈಯಲ್ಲಿ ಓಡಿಸಬಾರದು, ರೈನ್‌ಕೋಟ್ ಹಾಕಿಕೊಳ್ಳಲಿ.

ಊಟ ಒಯ್ಯಲು ಡಿಸ್ನಿಯಲ್ಲಿ ಅಡ್ಡಿಯಿಲ್ಲ. ಗಾಜಿನ ಪಾತ್ರೆ, ಮದ್ಯ, ಬಿಡಿ ಐಸ್ ಮಾತ್ರ ಬೇಡ. ಮೊಸರನ್ನಕ್ಕಿಂತ ಪುಳಿಯೋಗರೆ, ಚಪಾತಿ ಆ ಸೆಕೆಗೆ ತಾಳುತ್ತವೆ. ಪ್ರತಿ ಪಾರ್ಕ್‌ನಲ್ಲೂ ಪ್ರಥಮ ಚಿಕಿತ್ಸೆಯ ಕೇಂದ್ರವಿದೆ, ಇನ್ಸುಲಿನ್‌ನಂಥ ಔಷಧಿಯನ್ನು ಅಲ್ಲಿ ತಂಪಿನಲ್ಲಿಡಬಹುದು. ಸಹಾಯಕರೊಂದಿಗೆ ಹೋಗಬಹುದಾದ ವಿಶಾಲ ಶೌಚಾಲಯಗಳೂ ಇವೆ, ನಕ್ಷೆಯಲ್ಲಿ ಬೆಳಿಗ್ಗೆಯೇ ಗುರುತು ಹಾಕಿಕೊಳ್ಳಿ. ಒಳಗೆ ನೀರಿನ ವ್ಯವಸ್ಥೆ ನಮ್ಮಂತಿರುವುದಿಲ್ಲ, ಒಂದು ಖಾಲಿ ಬಾಟಲಿ ಬುಟ್ಟಿಯಲ್ಲಿರಲಿ.

ರಾತ್ರಿ ಚಾರ್ಜಿಂಗ್, ಕೊನೆಗೆ ಹಿಂದಿರುಗಿಸುವುದು

ರೂಮಿಗೆ ಬಂದ ಕೂಡಲೇ, ಕಾಲು ತೊಳೆಯುವ ಮೊದಲೇ ಚಾರ್ಜಿಗೆ ಹಾಕಿ. ಆಮೇಲೆ ಎಂದರೆ ಮರೆತೇಹೋಗುತ್ತದೆ. ಕೀಲಿ ತೆಗೆದಿರಬೇಕು, ಚಾರ್ಜರ್‌ನ ದೀಪ ಹತ್ತಿದ್ದನ್ನು ಕಣ್ಣಾರೆ ನೋಡಬೇಕು. ಕಂಪನಿ ಹೇಳುವ ದೂರ ಹಗುರ ಮೈಯವರು ಸಮತಟ್ಟಾದ ನೆಲದಲ್ಲಿ ಓಡಿಸಿದಾಗಿನ ಲೆಕ್ಕ. ಅದರ ಅರ್ಧವನ್ನೇ ನಂಬಿ. ಮಧ್ಯಾಹ್ನದ ವಿಶ್ರಾಂತಿಯಲ್ಲೂ ಒಂದೆರಡು ಗಂಟೆ ಚಾರ್ಜ್ ಮಾಡಿದರೆ ರಾತ್ರಿಯ ಆತಂಕವಿಲ್ಲ.

ಹಿಂದಿರುಗಿಸುವ ದಿನ ಸೀರೆಯ ಅಂಚು ಬಿಚ್ಚಿಕೊಂಡು, ಬುಟ್ಟಿ ಬರಿದು ಮಾಡಿ, ಗಾಡಿಯ ನಾಲ್ಕೂ ಬದಿಯ ಫೋಟೋ ತೆಗೆಯಿರಿ. ಪಡೆದ ದಿನವೂ ತೆಗೆದಿಟ್ಟಿದ್ದರೆ ಗೀರುಗಳ ಬಗ್ಗೆ ಮಾತು ಬೆಳೆಯುವುದಿಲ್ಲ. ಕೀಲಿ ಮತ್ತು ಚಾರ್ಜರ್ ಎರಡನ್ನೂ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸಂದೇಶವೋ ರಸೀದಿಯೋ ಕೇಳಿ ಪಡೆಯಿರಿ. ಗೋಡೆಯ ಸಾಕೆಟ್‌ನಲ್ಲೇ ಉಳಿದುಬಿಡುವುದು ಚಾರ್ಜರ್, ಅದನ್ನು ಸೂಟ್‌ಕೇಸ್ ಕಟ್ಟುವ ಮೊದಲೇ ತೆಗೆದು ಗಾಡಿಯ ಬುಟ್ಟಿಗೆ ಹಾಕಿಡಿ.